ಭಾನುವಾರದ ಸಭೆ: ಈ ಬಾರಿ ಚೀಟಿಯಲ್ಲಿ ಮತ

ವಾಚನಾಲಯದ ಎಲ್ಲ ಸದಸ್ಯರಿಗೆ ನಮಸ್ಕಾರ.

ಭಾನುವಾರ ಮಧ್ಯಾಹ್ನ 3 ಗಂಟೆಗೆ ಬದಿಯಡ್ಕದಲ್ಲಿ ಸಭೆ. ಮಕ್ಕಳ ಶನಿವಾರದ ಕನ್ನಡ ತರಗತಿಯನ್ನು ಮುಂದುವರಿಸುವುದೋ, ಆ ಹಣದಲ್ಲಿ ಪುಸ್ತಕ ಕೊಳ್ಳುವುದೋ ಎಂಬುದೊಂದೇ ವಿಷಯ.

ಕಳೆದ ಸಲ ಮುಂದಿನ ಸಾಲಿನ ಹಿರಿಯರು ಕೈ ಎತ್ತಿದ ಕೂಡಲೇ ಹಿಂದಿನ ಸಾಲಿನ ಕೈಗಳೂ ಮೇಲೆ ಹೋದವು. ಚಹಾದ ಹೊತ್ತಿಗೆ ಅದೇ ಜನ ಬೇರೆಯೇ ಮಾತನಾಡುತ್ತಿದ್ದರು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಮನೋವಿಜ್ಞಾನಿ ಸಾಲೊಮನ್ ಆ್ಯಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗೆರೆಗಳ ಉದ್ದವನ್ನು ಹೋಲಿಸಬೇಕಿತ್ತು, ಅಷ್ಟೇ. ಸರಿಯುತ್ತರ ಕಣ್ಣೆದುರೇ ಇದ್ದರೂ, ಜೊತೆಗಿದ್ದವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ ಸುಮಾರು ಮೂರರಲ್ಲೊಂದು ಉತ್ತರ ಗುಂಪಿನ ಕಡೆಗೇ ವಾಲಿತು. ಜೊತೆಯಲ್ಲಿ ಒಬ್ಬರಾದರೂ ಸರಿಯಾಗಿ ಹೇಳಿದಾಗ ಅಥವಾ ಉತ್ತರವನ್ನು ಗುಟ್ಟಾಗಿ ಬರೆಯಲು ಬಿಟ್ಟಾಗ ಈ ವಾಲುವಿಕೆ ಬಹಳ ಕುಗ್ಗಿತು.

ಆದ್ದರಿಂದ ಚೀಟಿ. ಹೆಸರು ಬರೆಯಬೇಡಿ, ಮಡಚಿ ಡಬ್ಬಿಗೆ ಹಾಕಿ. ಚರ್ಚೆಯಲ್ಲಿ ಕಿರಿಯರು ಮೊದಲು ಮಾತನಾಡಲಿ, ಹಿರಿಯರು ದಯವಿಟ್ಟು ಕೊನೆಗೆ. ಅಲ್ಲಿಯವರೆಗೆ ಈ ಗುಂಪಿನಲ್ಲಿ ಪರ–ವಿರೋಧದ ಸಂದೇಶ ಬೇಡ, ಹೆಬ್ಬೆರಳಿನ ಚಿಹ್ನೆಯೂ ಬೇಡ. ಬೇರೆ ಅಭಿಪ್ರಾಯವಿರುವವರು ಖಂಡಿತ ಬನ್ನಿ, ನಿಮ್ಮ ಮಾತು ಸಭೆಗೆ ಬೇಕು.

ಪೆರ್ಲ, ಮುಳ್ಳೇರಿಯ ಕಡೆಯವರೂ ಸೇರಿ ಬರುವವರೆಲ್ಲ ಶುಕ್ರವಾರ ಸಂಜೆಯೊಳಗೆ ನನಗೆ ನೇರವಾಗಿ ತಿಳಿಸಿ.