ಎಚ್ಚರಿಕೆ ಮಟ್ಟ ಅಭಯಪತ್ರವಲ್ಲ

ಮಾನ್ಯ ಸಂಪಾದಕರೇ,

ಸಕ್ರಿಯ ಜ್ವಾಲಾಮುಖಿಗಳ ಪ್ರವಾಸ ಕುರಿತ ಬರಹಗಳು ಈಚೆಗೆ ಪುರವಣಿಗಳಲ್ಲಿ ಆಗಾಗ ಪ್ರಕಟವಾಗುತ್ತಿವೆ. ಕುಳಿಯ ಅಂಚಿನಿಂದ ಕಾಣುವ ಸೂರ್ಯೋದಯ, ತಲುಪುವ ದಾರಿ, ತಗಲುವ ವೆಚ್ಚ ಎಲ್ಲವೂ ಅವುಗಳಲ್ಲಿರುತ್ತವೆ. ಅಪಾಯದ ಪ್ರಸ್ತಾಪ ಬಂದಾಗ ಮಾತ್ರ, ಎಚ್ಚರಿಕೆ ಮಟ್ಟ (ಜ್ವಾಲಾಮುಖಿಯ ಸದ್ಯದ ಸ್ಥಿತಿಗೆ ಅಧಿಕಾರಿಗಳು ಕೊಡುವ ಸಂಖ್ಯೆ) ಕಡಿಮೆ ಇರುವುದರಿಂದ ಭಯಪಡಬೇಕಿಲ್ಲ ಎಂಬ ಒಂದೇ ಸಾಲಿನಲ್ಲಿ ಮಾತು ಮುಗಿಯುತ್ತದೆ. ನನ್ನ ಆಕ್ಷೇಪವಿರುವುದು ಆ ಸಾಲಿನ ಬಗ್ಗೆ.

ಇಂಡೊನೇಷ್ಯಾದ ಬ್ರೊಮೊ ಪರ್ವತದ ಮೆಟ್ಟಿಲುಗಳನ್ನು ಹತ್ತಿ ಕುಳಿಯ ಅಂಚಿನಲ್ಲಿ ನಿಂತಾಗ, ಕೆಳಗಿನಿಂದ ಕಡಲಿನ ಮೊರೆತದಂತೆ ಎಡೆಬಿಡದೆ ಏಳುತ್ತಿದ್ದ ಸದ್ದನ್ನು ನಾನೂ ಮೈಮರೆತು ಕೇಳಿದ್ದೇನೆ. ಆದ್ದರಿಂದ ಯಾರೂ ಹೋಗಬಾರದೆಂದು ನಾನು ಹೇಳಲಾರೆ. ಆದರೆ ಅಂದು ಮಾರ್ಗದರ್ಶಿ ಹೇಳಿದ ಮಟ್ಟದ ಸಂಖ್ಯೆಯನ್ನು ಕೇಳಿ ನೆಮ್ಮದಿಯಾಗಿದ್ದ ನನಗೆ, ಆ ಸಂಖ್ಯೆ ಹೇಳುವುದೇನು, ಹೇಳದೇ ಇರುವುದೇನು ಎಂಬುದು ತಿಳಿದಿರಲಿಲ್ಲ.

2014ರ ಸೆಪ್ಟೆಂಬರ್ 27ರಂದು ಜಪಾನಿನ ಒಂಟಾಕೆ ಪರ್ವತ ಸಿಡಿದಾಗ ಅಲ್ಲಿದ್ದದ್ದು ಮಟ್ಟ 1, ಎಂದರೆ ಅತ್ಯಂತ ಕೆಳಗಿನದು. ಎರಡು ವಾರಗಳ ಹಿಂದೆ ಸಣ್ಣ ಕಂಪನಗಳು ಹೆಚ್ಚಿದ್ದರೂ ಮಟ್ಟವನ್ನು ಏರಿಸಿರಲಿಲ್ಲ. ಎಲೆಗಳು ಬಣ್ಣ ತಿರುಗುವ ಕಾಲದ ಶನಿವಾರ, ನಡುಹಗಲಿಗೆ ಇನ್ನು ಕೆಲವೇ ನಿಮಿಷಗಳಿದ್ದಾಗ, ಚಾರಣಿಗರಿಂದ ತುಂಬಿದ್ದ ಶಿಖರದ ಮೇಲೆ ಕಲ್ಲುಬಂಡೆಗಳು ಸುರಿದವು. 58 ಮಂದಿ ಸತ್ತರು, ಐವರು ಇಂದಿಗೂ ಸಿಕ್ಕಿಲ್ಲ. ಆ ದುರಂತದ ನಂತರ, 2015ರಲ್ಲಿ, ಜಪಾನಿನ ಹವಾಮಾನ ಸಂಸ್ಥೆಯು ಮಟ್ಟ 1ರ ವಿವರಣೆಯಲ್ಲಿದ್ದ ‘ಸಾಮಾನ್ಯ ಸ್ಥಿತಿ’ ಎಂಬ ಪದವನ್ನೇ ಕೈಬಿಟ್ಟು, ಇದು ಸಕ್ರಿಯ ಜ್ವಾಲಾಮುಖಿ ಎಂಬುದನ್ನು ಗಮನದಲ್ಲಿಡಬೇಕು ಎಂಬ ಅರ್ಥದ ಮಾತನ್ನು ಬಳಕೆಗೆ ತಂದಿತು. ಒಂದು ಪದ ಜನರನ್ನು ಎಷ್ಟು ದಾರಿ ತಪ್ಪಿಸಬಹುದೆಂಬುದನ್ನು ಆ ಸಂಸ್ಥೆಯೇ ಅರಿತ ಮೇಲೆ, ನಮ್ಮ ಬರಹಗಾರರು ಅದೇ ಭರವಸೆಯನ್ನು ಮತ್ತೆ ಹಂಚುವುದು ಸರಿಯಲ್ಲ.

ಮಟ್ಟ ಕಡಿಮೆ ಇದ್ದಾಗಲೂ ಜ್ವಾಲಾಮುಖಿ ಸಿಡಿಯುವುದಕ್ಕೆ ಕಾರಣ ನೆಲದೊಳಗಿದೆ. ಶಿಲಾಪಾಕ, ಎಂದರೆ ನೆಲದಾಳದ ಕರಗಿದ ಬಂಡೆ, ಮೇಲೇರುವಾಗ ಸಾಮಾನ್ಯವಾಗಿ ನೆಲ ಕಂಪಿಸುತ್ತದೆ, ಉಬ್ಬುತ್ತದೆ, ಹೊರಬರುವ ಅನಿಲದ ಪ್ರಮಾಣ ಬದಲಾಗುತ್ತದೆ. ಉಪಕರಣಗಳು ಇದನ್ನು ಹಲವು ದಿನ ಮೊದಲೇ ಗುರುತಿಸಬಹುದು. ಆದರೆ ಬಿಸಿ ಬಂಡೆಗಳ ನಡುವೆ ಸಿಕ್ಕಿಬಿದ್ದ ನೀರು ಒಮ್ಮೆಲೇ ಆವಿಯಾಗಿ ಸಿಡಿಯುವ ಸ್ಫೋಟದಲ್ಲಿ ಮುನ್ಸೂಚನೆಗೆ ಅಷ್ಟು ಅವಕಾಶವಿರುವುದಿಲ್ಲ. ಒಂಟಾಕೆಯಲ್ಲಿ ಸ್ಪಷ್ಟ ಸೂಚನೆ ಸಿಕ್ಕಿದ್ದು ಸುಮಾರು ಹನ್ನೊಂದು ನಿಮಿಷ ಮೊದಲು. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ 47 ಜನರಿದ್ದಾಗ ಜ್ವಾಲಾಮುಖಿ ಸಿಡಿದು 22 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಮೂರು ವಾರ ಮೊದಲೇ ಮಟ್ಟವನ್ನು 1ರಿಂದ 2ಕ್ಕೆ ಏರಿಸಲಾಗಿತ್ತು, ಆದರೂ ಪ್ರವಾಸಗಳು ನಡೆದೇ ಇದ್ದವು. ತಜ್ಞರಿಗೂ ಇದು ಬಿಡಿಸಲಾಗದ ಒಗಟು: 1993ರಲ್ಲಿ ಕೊಲಂಬಿಯಾದ ಗಲೇರಾಸ್ ಸಿಡಿದಾಗ ಸತ್ತ ಒಂಬತ್ತು ಮಂದಿಯಲ್ಲಿ ಆರು ಜನ ವಿಜ್ಞಾನಿಗಳೇ ಆಗಿದ್ದರು.

ಪ್ರವಾಸಿಗರು ಕೇಳಬೇಕಾದದ್ದು ಕುಳಿಯಿಂದ ಎಷ್ಟು ದೂರದಲ್ಲಿರಬೇಕೆಂದು ಅಧಿಕಾರಿಗಳು ಹೇಳಿದ್ದಾರೆ ಎಂಬುದನ್ನು. ಇಂಡೊನೇಷ್ಯಾದ ಸುಮಾತ್ರ ದ್ವೀಪದ ಮರಾಪಿ ಜ್ವಾಲಾಮುಖಿಯಲ್ಲಿ ಕುಳಿಯ ಸುತ್ತ ಮೂರು ಕಿಲೋಮೀಟರ್ ಒಳಗೆ ಹೋಗಬಾರದೆಂಬ ಸಲಹೆಯಿತ್ತು. 2023ರ ಡಿಸೆಂಬರ್‌ನಲ್ಲಿ ಅದು ಸಿಡಿದಾಗ ಮೇಲೆ ಹತ್ತಿದ್ದ 24 ಚಾರಣಿಗರು ಸತ್ತರು. ಅನಿಲದ ವಿಷಯವಂತೂ ಬಹುತೇಕ ಬರಹಗಳಲ್ಲಿ ಬರುವುದೇ ಇಲ್ಲ. ಜಪಾನಿನ ಅಸೋ ಪರ್ವತದಲ್ಲಿ ಸಲ್ಫರ್ ಡೈಆಕ್ಸೈಡ್ ಹೆಚ್ಚಾದೊಡನೆ ಕುಳಿಯ ದಾರಿಯನ್ನು ಮುಚ್ಚುತ್ತಾರೆ, ಆಸ್ತಮಾ ಇರುವವರು ಹತ್ತಿರ ಬರಲೇಬಾರದೆನ್ನುತ್ತಾರೆ. ಬಂಡೆ ಬಿದ್ದರೆ ಓಡಿ ಸೇರಲು ಕಾಂಕ್ರೀಟಿನ ಆಸರೆಗಳನ್ನೂ ಕಟ್ಟಿದ್ದಾರೆ.

ತಮ್ಮ ಪತ್ರಿಕೆಯಲ್ಲಿ ಇಂಥ ಪ್ರವಾಸ ಬರಹ ಮುಂದೆ ಪ್ರಕಟವಾಗುವಾಗ, ಆ ಪರ್ವತದ ಸದ್ಯದ ನಿಷೇಧಿತ ವಲಯ ಎಷ್ಟು, ಅನಿಲದಿಂದ ಯಾರಿಗೆ ತೊಂದರೆ, ಆಸರೆ ಎಲ್ಲಿದೆ ಎಂಬ ಮಾಹಿತಿಯನ್ನು ಬರಹದ ಆರಂಭದಲ್ಲೇ, ಚಿತ್ರಗಳ ಪಕ್ಕದಲ್ಲೇ, ಅಚ್ಚು ಹಾಕಿಸಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ