ಕರಡಿಯ ಮೂಗು, ನಮ್ಮ ಕಸದ ಡಬ್ಬಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಶಾಲೆಯ ಹಿಂದಿನ ಬೇಲಿ ಪಕ್ಕ ಕರಡಿಯ ಹೆಜ್ಜೆ ಗುರುತು ಕಂಡ ಸುದ್ದಿ ಮಕ್ಕಳಿಂದ ನಿಮಗೆ ಆಗಲೇ ತಲುಪಿರುತ್ತದೆ, ಸ್ವಲ್ಪ ಉಪ್ಪು ಖಾರ ಸೇರಿಯೇ. ನಡೆದದ್ದು ಇಷ್ಟೇ. ರಾತ್ರಿ ಬಂದಿದೆ, ಕಸದ ಗುಂಡಿ ಕೆದಕಿದೆ, ಹೋಗಿದೆ. ಯಾರ ಕಣ್ಣಿಗೂ ಬಿದ್ದಿಲ್ಲ. ಅರಣ್ಯ ಇಲಾಖೆಗೆ ತಿಳಿಸಿದ್ದೇವೆ.

ಗುರುತು ನೋಡಿದ ಕೆಲವು ಮಕ್ಕಳು ಯಾರೋ ಬರಿಗಾಲಲ್ಲಿ ಓಡಾಡಿದ್ದಾರೆ ಅಂದುಕೊಂಡಿದ್ದರು. ಹಾಗೆ ಅನಿಸುವುದು ಸಹಜ. ಕರಡಿಯೂ ನಮ್ಮ ಹಾಗೇ ಪಾದ ಊರಿ ನಡೆಯುತ್ತದೆ, ಅದಕ್ಕೂ ಐದು ಬೆರಳು. ಬೆರಳುಗಳ ಮುಂದೆ ಉಗುರಿನ ಗೀರು ಕಂಡ ಮೇಲೆಯೇ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದದ್ದು.

ಅದು ಮಕ್ಕಳನ್ನು ಹುಡುಕಿಕೊಂಡು ಬಂದಿಲ್ಲ. ವಾಸನೆ ಹಿಡಿದು ಬಂದಿದೆ. ಭೂಮಿಯ ಮೇಲೆ ಓಡಾಡುವ ಪ್ರಾಣಿಗಳಲ್ಲಿ ಕರಡಿಯಷ್ಟು ಚುರುಕು ಮೂಗಿನವು ಕಡಿಮೆ. ಅದರ ಉದ್ದ ಮೂತಿಯೊಳಗೆ ತೆಳು ಎಲುಬಿನ ಹಾಳೆಗಳು ಸುರುಳಿ ಸುತ್ತಿಕೊಂಡಿರುತ್ತವೆ, ಅವುಗಳಲ್ಲಿ ಹಿಂಬದಿಯವುಗಳ ಮೇಲೆ ವಾಸನೆ ಹಿಡಿಯುವ ಪೊರೆ. ಗಾಳಿ ಸರಿಯಾಗಿ ಬೀಸಿದರೆ ಕಿಲೋಮೀಟರುಗಟ್ಟಲೆ ದೂರದ ವಾಸನೆಯೂ ಸಿಗುತ್ತದೆ. ಕರಡಿ ಹಿಂಗಾಲ ಮೇಲೆ ಎದ್ದು ನಿಂತರೆ ಮೈಮೇಲೆ ಬೀಳಲು ಬಂತು ಅಂತ ಹೆದರುತ್ತೇವೆ, ಅಲ್ವಾ? ಸಾಮಾನ್ಯವಾಗಿ ಅದು ಎದುರಿಗಿರುವುದು ಏನು ಅಂತ ನೋಡಲು, ಮೂಸಲು ನಿಂತಿರುತ್ತದೆ.

"ಡಬ್ಬಿ ಮುಚ್ಚಿದ್ರೂ ಅದಕ್ಕೆ ಹೇಗೆ ಗೊತ್ತಾಗುತ್ತೆ?" ಅಂತ ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಮುಚ್ಚಳ ಹಾಕುವಾಗ ಬೆರಳಲ್ಲಿದ್ದ ಎಣ್ಣೆಪಸೆ ಡಬ್ಬಿಯ ಹೊರಗೆ ಅಂಟುತ್ತದೆ, ಆಮೇಲೆ ಬ್ಯಾಗಿನ ಜಿಪ್ಪಿಗೆ. ನಮಗೆ ಏನೂ ಗೊತ್ತಾಗುವುದಿಲ್ಲ. ಕರಡಿಗೆ ಅಷ್ಟು ಸಾಕು. ಟೂತ್‌ಪೇಸ್ಟ್, ಸೋಪಿನ ಪರಿಮಳಕ್ಕೂ ಅದು ಬರುವುದುಂಟು. ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಕರಡಿಗಳು ತಿಂಡಿಯ ವಾಸನೆಗೆ ಕಾರಿನ ಬಾಗಿಲನ್ನೇ ಬಗ್ಗಿಸಿ ಒಳಗೆ ನುಗ್ಗುತ್ತಿದ್ದವು. 1998ರ ಒಂದೇ ವರ್ಷದಲ್ಲಿ ಕರಡಿ ಹಾವಳಿಯ ಪ್ರಕರಣಗಳು ಸಾವಿರ ದಾಟಿದ್ದವು. ತಿನ್ನುವ ವಸ್ತುಗಳನ್ನೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲೇ ಇಡಬೇಕು ಅನ್ನುವುದನ್ನು ಬಿಗಿ ಮಾಡಿದ ಮೇಲೆ ಹಾವಳಿ ತುಂಬಾ ಇಳಿಯಿತು. ಬದಲಾಗಿದ್ದು ಕರಡಿಗಳಲ್ಲ, ಜನರ ಅಭ್ಯಾಸ.

ನನ್ನ ಚಿಂತೆ ಇರುವುದು ಇಲ್ಲೇ. ಒಂದು ಮನೆಯ ಹಿಂದೆ ತಿನ್ನಲು ಸಿಕ್ಕಿತೆಂದರೆ ಕರಡಿ ಆ ಜಾಗ ಮರೆಯುವುದಿಲ್ಲ. ತಾಯಿ ಮರಿಗಳನ್ನೂ ಕರೆತಂದು ದಾರಿ ತೋರಿಸುತ್ತದೆ. ಹಿಡಿದು ದೂರ ಬಿಟ್ಟರೂ ಎಷ್ಟೋ ಸಲ ನಡೆದು ವಾಪಸ್ ಬರುತ್ತದೆ.

ಆದ್ದರಿಂದ ದಯವಿಟ್ಟು ರಾತ್ರಿ ಕಸ ಹೊರಗಿಡಬೇಡಿ, ಗಾಡಿ ಬರುವ ಹೊತ್ತಿಗೆ ಕೊಟ್ಟರಾಯಿತು. ನಾಯಿ ತಿಂದು ಬಿಟ್ಟ ತಟ್ಟೆ, ಮರದ ಕೆಳಗೆ ಬಿದ್ದ ಹಣ್ಣು ಸಂಜೆಯೊಳಗೆ ಎತ್ತಿಬಿಡಿ. ಮಣ್ಣು ಮುಚ್ಚಿದರೆ ಸಾಕು ಅನ್ನುವವರಿಗೆ ಒಂದು ಮಾತು: ನೆಲ ಬಗೆದು ಇರುವೆ, ಗೆದ್ದಲು ತಿನ್ನುವ ಪ್ರಾಣಿಗೆ ಒಂದು ಮೊಳ ಮಣ್ಣು ಯಾವ ಲೆಕ್ಕ? ಅದಕ್ಕೇ ಶಾಲೆಯ ಗುಂಡಿಗೆ ಕಸ ಹಾಕುವುದನ್ನೇ ನಿಲ್ಲಿಸಿ ಅದನ್ನು ಮುಚ್ಚಿಸಿದ್ದೇವೆ. ಉಳಿದ ಊಟ ಇನ್ನು ಮೇಲೆ ಅವತ್ತಿನದು ಅವತ್ತೇ ಆವರಣದಿಂದ ಹೊರಗೆ ಹೋಗುತ್ತದೆ.

ಬೆಳಗಿನ ಜಾವ, ಮುಸ್ಸಂಜೆ ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ. ಗುಂಪಾಗಿ ಮಾತಾಡಿಕೊಂಡು ನಡೆಯಲಿ. ಕರಡಿ ಜಾಸ್ತಿ ಮೈಮೇಲೆ ಬರುವುದು ಹತ್ತಿರದಲ್ಲಿ ಬೆಚ್ಚಿಬಿದ್ದಾಗ. ಕಂಡರೆ ಓಡಬಾರದು, ಅದು ನಮಗಿಂತ ಎಷ್ಟೋ ವೇಗ. ಕಲ್ಲು ಹೊಡೆಯಬಾರದು. ಮೆಲ್ಲಗೆ ಹಿಂದೆ ಹಿಂದೆ ಸರಿಯಬೇಕು. ಮರಿ ಕಂಡರಂತೂ ತಾಯಿ ಅಲ್ಲೇ ಇದೆ ಅಂತಲೇ ತಿಳಿಯಬೇಕು. ಮೊಬೈಲ್ ತೆಗೆಯುವ ಆಸೆ ದೊಡ್ಡವರಿಗೇ ಜಾಸ್ತಿ, ಅದನ್ನೂ ಬಿಡೋಣ.

ಸೋಮವಾರದಿಂದ ಬ್ಯಾಗು, ಊಟದ ಡಬ್ಬಿ ಜಗುಲಿಯಲ್ಲಿ ಇಡುವಂತಿಲ್ಲ, ತರಗತಿಯ ಒಳಗೇ ಇರಬೇಕು. ಮನೆಯ ಹತ್ತಿರ ಹೆಜ್ಜೆ ಗುರುತೋ, ಕೆದಕಿದ ಕಸವೋ ಕಂಡರೆ ಅರಣ್ಯ ಇಲಾಖೆಗೆ ಹೇಳಿ, ನಮಗೂ ಒಂದು ಮಾತು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ