ವಾರಕ್ಕೊಮ್ಮೆಯ ಮಾತ್ರೆ: ಲಕೋಟೆಯ ಮೇಲೆ ಕನ್ನಡದಲ್ಲೂ ಬರೆಯಿರಿ

ಮಾನ್ಯ ಸಂಪಾದಕರೇ,

ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ನಮ್ಮ ಮನೆಯಲ್ಲಿ ಇಬ್ಬರಿಗೆ ನಡೆಯುತ್ತಿದೆ. ನನಗೆ ಸಂಧಿವಾತಕ್ಕೆ, ಅಂದರೆ ಡಾಕ್ಟರರು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುವ ಕಾಯಿಲೆಗೆ. ಮೈದುನನಿಗೆ ಚರ್ಮದ ಕಾಯಿಲೆಯಾದ ಸೋರಿಯಾಸಿಸ್‌ಗೆ. ಇಬ್ಬರೂ ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಇಷ್ಟು ದೊಡ್ಡ ವಿಷಯ ಕಾಸರಗೋಡಿನ ಕನ್ನಡದವರಿಗೆ ಓದಲು ಬರುವ ಹಾಗೆ ಎಲ್ಲೂ ಬರೆದಿರುವುದಿಲ್ಲ. ಅದಕ್ಕೇ ಈ ಪತ್ರ.

ಕಳೆದ ಮಳೆಗಾಲದಲ್ಲಿ ನೆರೆಮನೆಯ ಅಕ್ಕನಿಗೆ ಆದದ್ದು ಕೇಳಿ. ಮದ್ದು ಮಂಗಳೂರಿನ ಡಾಕ್ಟರರದ್ದು, ಚೀಟಿ ಇಂಗ್ಲಿಷಿನಲ್ಲಿ. ಇಲ್ಲಿಯ ಮೆಡಿಕಲ್‌ನವರು ಲಕೋಟೆಯ ಮೇಲೆ ಮಲಯಾಳದಲ್ಲಿ ಗೀಚಿ ಕೊಟ್ಟರು. ಅಕ್ಕ ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಬಿಪಿ ಮಾತ್ರೆಯ ಜೊತೆ ಇದನ್ನೂ ದಿನಾ ನುಂಗಿದರು. ಮೊದಲು ಬಾಯಿ ತುಂಬ ಹುಣ್ಣು. ಉಷ್ಣ ಆಗಿರಬೇಕು ಎಂದು ಮಜ್ಜಿಗೆ ಕುಡಿದರು. ಆಮೇಲೆ ಜ್ವರ ಬಂತು, ಏಳಲಿಕ್ಕೂ ಆಗದ ಸುಸ್ತು. ಆಸ್ಪತ್ರೆಗೆ ಸೇರಿಸಿದಾಗ ರಕ್ತದಲ್ಲಿ ಬಿಳಿ ಕಣ ತೀರಾ ಕಮ್ಮಿ. ಈ ಮದ್ದಿನ ವಿಷ ಇಳಿಸುವ ಫೋಲಿನಿಕ್ ಆ್ಯಸಿಡ್ ಇಂಜೆಕ್ಷನ್ ಕೊಟ್ಟರು. ಹೇಗೋ ಉಳಿದುಕೊಂಡರು. ಈಗ ಮಾತ್ರೆಯ ಹೆಸರೆತ್ತಿದರೆ ಸಿಟ್ಟು ಮಾಡುತ್ತಾರೆ. ಅವರದ್ದು ತಪ್ಪು ಎಂದು ಹೇಳುವುದು ಹೇಗೆ? ನಾವು ಕಂಡ ಮಾತ್ರೆಗಳೆಲ್ಲ ದಿನಾ ನುಂಗುವಂಥವೇ ಅಲ್ವಾ?

ಇನ್ನೊಂದು ತೊಂದರೆ ಇದರ ಉಲ್ಟಾ. ನಮ್ಮ ಮೈದುನ ಮೊಬೈಲಿನಲ್ಲಿ ಮದ್ದಿನ ಹೆಸರು ಹುಡುಕಿದ. ಕ್ಯಾನ್ಸರ್ ಮದ್ದು ಎಂದು ಬಂತು. ಯಾರಿಗೂ ಹೇಳದೆ ಬಿಟ್ಟುಬಿಟ್ಟ. ಮೊಣಕೈಯಲ್ಲಿ, ತಲೆಯಲ್ಲಿ ಹೊಪ್ಪಳೆ ಮತ್ತೆ ಜಾಸ್ತಿಯಾದ ಮೇಲೆ ವಿಷಯ ಹೊರಗೆ ಬಂತು.

ಮೊಬೈಲ್ ಸುಳ್ಳು ಹೇಳಲಿಲ್ಲ, ಆದರೆ ಪೂರ್ತಿ ಹೇಳಲಿಲ್ಲ. ಕ್ಯಾನ್ಸರಿಗೂ ಇದನ್ನು ಕೊಡುತ್ತಾರೆ, ಕೆಲವು ಬಗೆಗೆ ತುಂಬ ದೊಡ್ಡ ಪ್ರಮಾಣದಲ್ಲಿ. ನಮಗೆ ಕೊಡುವುದು ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಒಳಗೆ. ನಮ್ಮ ಮೈಯ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ಗಂಟುಗಳ ಮೇಲೆ, ಚರ್ಮದ ಮೇಲೆ ತಿರುಗಿ ಬೀಳುತ್ತದೆ. ಆ ಅಬ್ಬರವನ್ನು ಈ ಮದ್ದು ತಗ್ಗಿಸುತ್ತದೆ. ಇದರ ಹಿಂದಿನ ಕತೆಯಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಕಂಪೆನಿಯಲ್ಲಿ ಅವರ ತಂಡ ಫೋಲಿಕ್ ಆ್ಯಸಿಡ್ ಎಂಬ ವಿಟಮಿನ್ ತಯಾರಿಸಿತು, ಅದರ ಕೆಲಸಕ್ಕೆ ಅಡ್ಡ ಬರುವ ಮದ್ದುಗಳನ್ನೂ ತಯಾರಿಸಿತು. ಅದರಲ್ಲೊಂದು ಅಮಿನೊಪ್ಟೆರಿನ್. 1948ರಲ್ಲಿ ಡಾ. ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಇದನ್ನು ಕೊಟ್ಟು ಸ್ವಲ್ಪ ಕಾಲ ಗುಣ ಕಂಡದ್ದನ್ನು ಪ್ರಕಟಿಸಿದರು. 1951ರಲ್ಲಿ ಗಂಟುನೋವಿನವರಿಗೆ ಕೊಟ್ಟು ನೋಡುವಾಗ ಸೋರಿಯಾಸಿಸ್ ಕೂಡ ಇಳಿಯುವುದು ಕಂಡಿತು. ಮೆಥೊಟ್ರೆಕ್ಸೇಟ್ ಅದೇ ಕುಟುಂಬದ ಮದ್ದು. ಅಮೆರಿಕದಲ್ಲಿ ಸೋರಿಯಾಸಿಸ್‌ಗೆ 1970ರ ದಶಕದ ಆರಂಭದಲ್ಲಿ ಒಪ್ಪಿಗೆ ಸಿಕ್ಕಿತು, ಸಂಧಿವಾತಕ್ಕೆ 1988ರಲ್ಲಿ. ಮಕ್ಕಳಿಗೆ ಬರುವ ಒಂದು ಬಗೆಯ ಗಂಟುವಾತಕ್ಕೂ ಒಪ್ಪಿಗೆ ಇದೆ.

ಸೋರಿಯಾಸಿಸ್ ಎಂದರೂ ಎಲ್ಲರಿಗೂ ಅಲ್ಲ, ಹಚ್ಚುವ ಮುಲಾಮಿಗೆ ಬಗ್ಗದಷ್ಟು ಜೋರಾಗಿದ್ದರೆ ಮಾತ್ರ. ಗಂಟುನೋವು ಎಂದರೂ ಎಲ್ಲ ಗಂಟುನೋವಿಗೆ ಅಲ್ಲ. ವಯಸ್ಸಾಗಿ ಮಂಡಿ ಸವೆದು ಬರುವ ನೋವಿಗೆ ಈ ಮದ್ದಿಗೆ ಒಪ್ಪಿಗೆಯೇ ಇಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ನಾನು ಈಗ ಮತ್ತೆ ಅಡಿಕೆ ಸುಲಿಯುವುದನ್ನು ನೋಡಿ "ನಿಮ್ಮದರಲ್ಲಿ ನಾಲ್ಕು ಮಾತ್ರೆ ಕೊಡಿ" ಎಂದು ಕೇಳುವವರಿದ್ದಾರೆ. ಚಾಪುಡಿ ಸಕ್ಕರೆ ಕೇಳಿದ ಹಾಗೆ! ಲಿವರ್ ಹೇಗಿದೆ, ಕಿಡ್ನಿ ಹೇಗಿದೆ ಎಂದು ನೋಡದೆ ಈ ಮದ್ದು ಶುರು ಮಾಡುವಂತಿಲ್ಲ. ಆಮೇಲೂ ಆಗಾಗ ರಕ್ತ ಪರೀಕ್ಷೆ ಬೇಕು. ಕುಡಿಯುವ ಅಭ್ಯಾಸ ಇದ್ದವರಿಗೆ ಲಿವರ್ ಹಾಳಾಗುವ ಭಯ ಜಾಸ್ತಿ. ಗರ್ಭಿಣಿಯರು ಮುಟ್ಟಲೇಬಾರದು. ಮಗು ಬೇಕು ಎನ್ನುವವರು ಮೊದಲೇ ಡಾಕ್ಟರರಿಗೆ ಹೇಳಬೇಕು.

ದಿನಾ ನುಂಗಿ ಅಪಾಯಕ್ಕೆ ಸಿಕ್ಕಿದವರು ನಮ್ಮ ಅಕ್ಕ ಒಬ್ಬರೇ ಅಲ್ಲ. ಇಂಥ ತಪ್ಪು ಮತ್ತೆ ಮತ್ತೆ ಆಗುತ್ತದೆ ಎಂದೇ ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಹೊಸ ಎಚ್ಚರಿಕೆಗಳನ್ನು ಸೂಚಿಸಿತು. ಓದು ಬರಹ, ಸೌಕರ್ಯ ಎಲ್ಲ ಇರುವ ಅಲ್ಲೇ ಹೀಗಾದರೆ, ಚೀಟಿ ಒಂದು ಭಾಷೆ, ಲಕೋಟೆ ಇನ್ನೊಂದು ಭಾಷೆ, ಮನೆಮಾತು ಮತ್ತೊಂದು ಆಗಿರುವ ನಮ್ಮ ಕಡೆ ಹೇಗಿರಬೇಡ?

ನನ್ನ ಕೋರಿಕೆ ದೊಡ್ಡದೇನಲ್ಲ. ಡಾಕ್ಟರರು ಚೀಟಿಯಲ್ಲಿ ವಾರದ ಹೆಸರು ಪೂರ್ತಿ ಬರೆಯಲಿ, ಯಾವ ಕಾಯಿಲೆಗೆ ಎಂದೂ ಬರೆಯಲಿ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಮೆಡಿಕಲ್‌ನವರು ಲಕೋಟೆಯ ಮೇಲೆ "ಭಾನುವಾರ ಮಾತ್ರ" ಎಂಬ ಹಾಗೆ ಆ ವಾರವನ್ನು ಕನ್ನಡದಲ್ಲಿ ಬರೆದು ಕೊಡಲಿ. ಕನ್ನಡ ಬರೆಯಲು ಬಾರದವರು ಒಂದು ರಬ್ಬರ್ ಸ್ಟಾಂಪ್ ಮಾಡಿಸಿಟ್ಟುಕೊಂಡರೆ ಸಾಕು. ಇದರ ಜೊತೆ ಕೊಡುವ ಫೋಲಿಕ್ ಆ್ಯಸಿಡ್ ಮಾತ್ರೆಯ ದಿನ ಬೇರೆ ಇದ್ದರೆ ಅದಕ್ಕೆ ಬೇರೆಯೇ ಲಕೋಟೆ ಬೇಕು. ಎರಡನ್ನೂ ಒಂದರಲ್ಲೇ ಹಾಕಿ ಕೊಟ್ಟದ್ದನ್ನು ನಾನೇ ನೋಡಿದ್ದೇನೆ.

ಈ ಮದ್ದು ತೆಗೆದುಕೊಳ್ಳುವ ಓದುಗರಿಗೂ ಒಂದು ಮಾತು. ಜ್ವರ, ಮೂತ್ರದ ಉರಿ ಎಂದು ಊರಿನ ಕ್ಲಿನಿಕ್ಕಿಗೆ ಹೋದರೆ ಮೊದಲು ಈ ಮಾತ್ರೆಯ ಹೆಸರು ಹೇಳಿ. ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್ ಇದರ ಜೊತೆ ಸೇರಿದರೆ ರಕ್ತದ ಕಣಗಳು ವಿಪರೀತ ಇಳಿಯಬಹುದು. ನೋವಿನ ಮಾತ್ರೆಯನ್ನೂ ಕೇಳದೆ ಸುಮ್ನೆ ನುಂಗಬೇಡಿ. ಬಾಯಿ ಹುಣ್ಣಾದರೆ, ಜ್ವರ ಬಂದರೆ, ಒಣಕೆಮ್ಮು ಅಥವಾ ಉಬ್ಬಸ ಶುರುವಾದರೆ ಮುಂದಿನ ವಾರದ ಮಾತ್ರೆ ನುಂಗದೆ ಕೂಡಲೇ ಡಾಕ್ಟರರಿಗೆ ಫೋನ್ ಮಾಡಿ.

– ಒಬ್ಬ ಓದುಗಳು, ಪೆರ್ಲ, ಕಾಸರಗೋಡು ಜಿಲ್ಲೆ